ಪುರಸಭೆ ಬಜೆಟ್ ಸಭೆಗೆ ಕರೆದಿದ್ದಾರೆ, ಸಣ್ಣ ವ್ಯಾಪಾರದವರ ಪರವಾಗಿ ಏನು ಕೇಳಲಿ?

ರೊಟ್ಟಿಮನೆ ಅಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮದು ಹಾವೇರಿ ಜಿಲ್ಲೆಯ ಒಂದು ಪುರಸಭೆ ಊರು. ಹನ್ನೊಂದು ವರ್ಷದಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತೇನೆ. ಮೊದಲು ಮನೆಯಲ್ಲಿ ನಾನು, ನಮ್ಮ ಅತ್ತೆ ಇಬ್ಬರೇ ರೊಟ್ಟಿ ಬಡಿಯುತ್ತಿದ್ದೆವು. ಈಗ ಆರು ಜನ ಹೆಣ್ಮಕ್ಕಳು ಕೆಲಸಕ್ಕೆ ಬರುತ್ತಾರೆ. ಮಂಗಳವಾರ ಸಂತೆಯಲ್ಲಿ ಕೂರುತ್ತೇವೆ. ಉಳಿದ ದಿನ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಒಂದು ಬಾಡಿಗೆ ಅಂಗಡಿ.

ಕಳೆದ ವಾರ ಪುರಸಭೆಯಿಂದ ಪತ್ರ ಬಂತು. ಆಯವ್ಯಯ ಪೂರ್ವಭಾವಿ ಸಭೆ ಇದೆ, ಸಾರ್ವಜನಿಕರು ಸಲಹೆ ಕೊಡಬಹುದು ಅಂತ. ನಮ್ಮ ಸ್ವಸಹಾಯ ಸಂಘದ ಪರವಾಗಿ ನಾನು ಹೋಗಬೇಕು. ಹೋದ ವರ್ಷವೂ ಹೋಗಿದ್ದೆ. ಹದಿನೈದು ಜನ ಇದ್ದೆವು ಅಷ್ಟೇ. ಎಲ್ಲರೂ ರಸ್ತೆ, ಚರಂಡಿ, ಬೀದಿ ದೀಪ ಅಂದರು. ನಾನು ಎದ್ದು ನಿಂತು "ನಮ್ಮಂಥ ಸಣ್ಣ ವ್ಯಾಪಾರದವರಿಗೆ ಏನಾದರೂ ಮಾಡಿ" ಅಂದೆ. ಬರೆದುಕೊಂಡರು. ಬಜೆಟ್ ಪುಸ್ತಕ ಬಂದಾಗ ನೋಡಿದೆ, ಒಂದು ಸಾಲೂ ಇರಲಿಲ್ಲ. ತಪ್ಪು ನನ್ನದೂ ಇದೆ. ಇಂಥದ್ದೇ ಬೇಕು ಅಂತ ನಾನೂ ಹೇಳಿರಲಿಲ್ಲ.

ಇಲ್ಲಿನ ಪರಿಸ್ಥಿತಿ ಹೇಳುತ್ತೇನೆ. ಎರಡು ವರ್ಷದ ಹಿಂದೆ ಪುರಸಭೆಯವರು 24 ಮಳಿಗೆ ಕಟ್ಟಿಸಿದರು. ಈಗ ಶಟರ್ ತೆಗೆದಿರುವುದು 9ಕ್ಕೆ ಮಾತ್ರ. ಹರಾಜಿನ ದಿನ ನಾನೂ ಠೇವಣಿ ಕಟ್ಟಿ ಕೂತಿದ್ದೆ. ತಿಂಗಳ ಬಾಡಿಗೆ 6,000 ತನಕ ಕೂಗಿ ನಿಲ್ಲಿಸಿದೆ, ನಮ್ಮ ವ್ಯಾಪಾರಕ್ಕೆ ಅದಕ್ಕಿಂತ ಜಾಸ್ತಿ ತೂಗಲ್ಲ. ಅದೇ ಮಳಿಗೆ 14,500ಕ್ಕೆ ಹೋಯಿತು. ಕೂಗಿದವರು ನಾಲ್ಕೇ ತಿಂಗಳಲ್ಲಿ ಬೀಗ ಹಾಕಿಕೊಂಡು ಹೋದರು. ಸಂತೆಯಲ್ಲಂತೂ ನೆರಳೂ ಇಲ್ಲ, ಶೌಚಾಲಯವೂ ಇಲ್ಲ. ಮಳೆ ಬಂದರೆ ರೊಟ್ಟಿ ಡಬ್ಬಿ ಮೇಲೆ ನಾವೇ ಬಗ್ಗಿ ನಿಲ್ಲಬೇಕು. ರೊಟ್ಟಿಗೆ ತೇವ ತಾಗಿದರೆ ಮುಗಿಯಿತು, ಯಾರೂ ಮುಟ್ಟಲ್ಲ.

ಊರಿನ ವ್ಯಾಪಾರ ಬೆಳೆಯಲು ಪುರಸಭೆ ನಿಜವಾಗಿ ಏನು ಮಾಡಬಹುದು? "ಅದು ನಮಗೆ ಬರಲ್ಲ" ಅಂತ ಹೇಳಲಾಗದಂಥದ್ದು ಯಾವುದು? ತಿಳಿದವರು ದಯವಿಟ್ಟು ಹೇಳಿ. ಸಭೆಗೆ ಇನ್ನು ಒಂಬತ್ತು ದಿನ ಇದೆ.

ಮೇನ್‌ರೋಡ್ ಕಿರಾಣಿ

ಅಕ್ಕಾ, ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದರೆ ನಮ್ಮ ಮಾತೂ ಸ್ವಲ್ಪ ಕೇಳಿ. ನಾನು ಅಂಗಡಿ ಇಟ್ಟವನು. ಆಸ್ತಿ ತೆರಿಗೆ ಕಟ್ಟುತ್ತೇನೆ, ಪ್ರತಿ ವರ್ಷ ಉದ್ದಿಮೆ ಪರವಾನಗಿ ನವೀಕರಣ ಮಾಡಿಸುತ್ತೇನೆ. ಸಂತೆ ದಿನ ನಮ್ಮ ಅಂಗಡಿ ಮೆಟ್ಟಿಲ ತನಕ ತಳ್ಳುಗಾಡಿ ಬಂದು ನಿಲ್ಲುತ್ತವೆ. ಗಿರಾಕಿ ಬೈಕ್ ನಿಲ್ಲಿಸಲು ಜಾಗ ಇಲ್ಲ. ಅಕ್ಕಿ ಮೂಟೆ ಇಳಿಸಲು ಗೂಡ್ಸ್ ಗಾಡಿ ಒಳಗೆ ಬರಲ್ಲ. ಬೀದಿ ವ್ಯಾಪಾರದವರಿಗೆ ಜಾಗ ಕೊಡಲಿ, ಬೇಡ ಅನ್ನಲ್ಲ. ಒಂದು ಕಡೆ ಗೆರೆ ಹಾಕಿ ಕೊಡಲಿ. ನಮಗೂ ವಾಹನ ನಿಲ್ಲಿಸುವ ಜಾಗ ಮಾಡಲಿ. ಸಭೆಯಲ್ಲಿ ಇದನ್ನೂ ಸೇರಿಸಿ ಹೇಳಿದರೆ ನಮ್ಮಂಥವರು ನಿಮ್ಮ ಜೊತೆ ನಿಲ್ಲುತ್ತೇವೆ.

ಹಳೇ ಕಂದಾಯ

ತಂಗಿ, ನಾನು 31 ವರ್ಷ ಪುರಸಭೆಗಳಲ್ಲಿ ಕೆಲಸ ಮಾಡಿದವನು. ಬಿಲ್ ಕಲೆಕ್ಟರ್ ಆಗಿ ಸೇರಿ ಕಂದಾಯ ನಿರೀಕ್ಷಕನಾಗಿ ನಿವೃತ್ತನಾದೆ. ನಿಮ್ಮ ಪ್ರಶ್ನೆ ಓದಿ ರಾತ್ರಿ ಕೂತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಪುರಸಭೆಯ ಹತ್ತಿರ ನಿಮಗೆ ಸಾಲ ಕೊಡುವಷ್ಟು ದುಡ್ಡಿಲ್ಲ. ಫ್ಯಾಕ್ಟರಿ ಕರೆತರುವ ಶಕ್ತಿಯೂ ಇಲ್ಲ. ಆದರೆ ಜಾಗ ಇದೆ. ಸಂತೆ ಮೈದಾನ ಅದರದ್ದು, ಮಳಿಗೆ ಅದರದ್ದು, ಬೀದಿ ಅದರದ್ದು. ನಲ್ಲಿ, ದೀಪ, ಶೌಚಾಲಯ ಎಲ್ಲ ಅದರದ್ದೇ. ನಾಳೆಯೂ ಇದೇ ಜಾಗದಲ್ಲಿ ಕೂರುತ್ತೇನೆ ಅನ್ನೋ ಧೈರ್ಯ ಇದ್ದವರು ಮಾತ್ರ ವ್ಯಾಪಾರಕ್ಕೆ ಕೈಯಿಂದ ದುಡ್ಡು ಹಾಕುತ್ತಾರೆ. ಅದಕ್ಕೇ ನೀವು ಜಾಗದ ಮಾತೇ ಆಡಿ.

"ನಮಗೆ ಬರಲ್ಲ" ಅಂದರೆ ಒಂದು ಉತ್ತರ ಇಟ್ಟುಕೊಳ್ಳಿ. 1992ರಲ್ಲಿ ಸಂವಿಧಾನಕ್ಕೆ 74ನೇ ತಿದ್ದುಪಡಿ ಆಯಿತು. ಅದರಲ್ಲಿ ಹನ್ನೆರಡನೇ ಅನುಸೂಚಿ ಅಂತ ಬಂತು. ಪಟ್ಟಣದ ಸಂಸ್ಥೆಗಳಿಗೆ ವಹಿಸಬಹುದಾದ 18 ಕೆಲಸ ಅದರಲ್ಲಿವೆ. ಮೂರನೆಯದು ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಗೆ ಯೋಜನೆ ಮಾಡುವುದು. ನಮ್ಮವರು ಆ ಪಟ್ಟಿಯಲ್ಲಿ ನೀರು, ಕಸ, ರಸ್ತೆ ಮಾತ್ರ ಓದಿ ಪುಸ್ತಕ ಮುಚ್ಚಿಬಿಡುತ್ತಾರೆ. ನನಗೆ ಈ ಬಗ್ಗೆ ಇವತ್ತಿಗೂ ಸಂಕಟ ಇದೆ.

ಸಂತೆ ವಿಷಯಕ್ಕೆ ಬರುತ್ತೇನೆ. ನಾನಿದ್ದ ಒಂದು ಊರಲ್ಲಿ ಕೊತ್ತಂಬರಿ, ಮೆಂತ್ಯ ಸೊಪ್ಪು ಮಾರುವ ಒಬ್ಬ ಅಜ್ಜಿ ಇದ್ದಳು. ಬೆಳಗ್ಗೆ ಐದಕ್ಕೇ ಬಂದು, ಗೋಣಿ ಚೀಲ ಹಾಸಿ, ಮೇಲೆ ಒಂದು ಕಲ್ಲಿಟ್ಟು ಜಾಗ ಹಿಡಿಯುತ್ತಿದ್ದಳು. ಪಕ್ಕದಲ್ಲಿ ಹಿತ್ತಾಳೆ ತಂಬಿಗೆ. ಅದರ ನೀರನ್ನು ಸೊಪ್ಪಿಗೆ ಚಿಮುಕಿಸುತ್ತಿದ್ದಳೇ ಹೊರತು ತಾನು ಒಂದು ಗುಟುಕೂ ಕುಡಿಯುತ್ತಿರಲಿಲ್ಲ. ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ಒಂದಿನ ಕೇಳಿದೆ, ಯಾಕಜ್ಜಿ ಅಂತ. "ಕುಡದ್ರ ಎಲ್ಲಿ ಹೋಗ್ಲೆಪ್ಪಾ" ಅಂದಳು. ನಾನು ಅಲ್ಲಿ ನಾಲ್ಕು ವರ್ಷದಿಂದ ಸುಂಕದ ಲೆಕ್ಕ ನೋಡುತ್ತಿದ್ದೆ. ಈ ಒಂದು ಮಾತು ನನ್ನ ತಲೆಗೆ ಹೊಳೆದಿರಲಿಲ್ಲ.

ಹೆಣ್ಮಕ್ಕಳು ನಾಲ್ಕು ಗಂಟೆಗೇ ಗಂಟು ಕಟ್ಟಿ ಹೊರಟುಬಿಡುತ್ತಿದ್ದರು. ಕೂಲಿಯವರು ಕೆಲಸ ಬಿಟ್ಟು, ಕೈಗೆ ದುಡ್ಡು ಬಂದು, ಸಂತೆಗೆ ಬರುವುದು ಐದೂವರೆ ಮೇಲೆ. ಅಷ್ಟೊತ್ತಿಗೆ ಅರ್ಧ ಸಂತೆ ಖಾಲಿ. ಆಗಿನ ಮುಖ್ಯಾಧಿಕಾರಿಗೆ ಇದನ್ನೇ ವಿವರಿಸಿದೆ. ನಾಲ್ಕು ಶೌಚಾಲಯ, ಒಂದು ನೀರಿನ ತೊಟ್ಟಿ, ಮೈದಾನದ ಎರಡು ಮೂಲೆಗೆ ದೊಡ್ಡ ದೀಪ ಆಯಿತು. ಸಂತೆ ರಾತ್ರಿ ಎಂಟರ ತನಕ ನಡೆಯತೊಡಗಿತು. ಅಜ್ಜಿಯ ಬುಟ್ಟಿ ಖಾಲಿಯಾಗಿ ಮನೆಗೆ ಹೋಗತೊಡಗಿತು. ಮರುವರ್ಷ ಸಂತೆ ಸುಂಕ ವಸೂಲಿ ಮಾಡುವ ಹಕ್ಕಿನ ಹರಾಜೂ ಮೇಲೇರಿತು. ನಿಮ್ಮ ಸಭೆಯಲ್ಲಿ ಇದನ್ನು ಒತ್ತಿ ಹೇಳಿ. ಶೌಚಾಲಯಕ್ಕೆ ಹಾಕಿದ ದುಡ್ಡು ಸುಂಕದಲ್ಲಿ ವಾಪಸ್ ಬರುತ್ತದೆ ಅಂದರೆ ಲೆಕ್ಕಾಧಿಕಾರಿಯೂ ಕಿವಿ ಕೊಡುತ್ತಾನೆ. ಹಾಗೇ ಸುಂಕದ ದರಪಟ್ಟಿಯನ್ನು ಮೈದಾನದ ಬಾಗಿಲಲ್ಲೇ ದೊಡ್ಡ ಅಕ್ಷರದಲ್ಲಿ ಬರೆಸಲು ಕೇಳಿ. ಫಲಕ ಇಲ್ಲದ ಕಡೆ ವಸೂಲಿಗೆ ಬಂದವನು ಹೇಳಿದ್ದೇ ದರ.

ಕಿರಾಣಿ ಅಂಗಡಿಯವರು ಹೇಳಿದ್ದರಲ್ಲಿ ನ್ಯಾಯ ಇದೆ. ಅದಕ್ಕೆ ಕಾನೂನಿನಲ್ಲೇ ದಾರಿ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪ್ರತಿ ಊರಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಶೇ 40ರಷ್ಟು ಜನ ಬೀದಿ ವ್ಯಾಪಾರಿಗಳೇ ಇರಬೇಕು, ತಮ್ಮೊಳಗೇ ಚುನಾವಣೆ ಮಾಡಿ ಆರಿಸಿದವರು. ಆ ವ್ಯಾಪಾರಿಗಳಲ್ಲಿ ಮೂರನೇ ಒಂದು ಭಾಗ ಹೆಣ್ಮಕ್ಕಳು. ವರ್ತಕರ ಸಂಘ, ಪೊಲೀಸರು, ಬ್ಯಾಂಕಿನವರಿಗೂ ಜಾಗ ಇದೆ. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಮಾಡಿ, ವ್ಯಾಪಾರ ವಲಯ ಗುರುತಿಸಿ, ಪ್ರಮಾಣಪತ್ರ ಕೊಡಬೇಕು. ಎಬ್ಬಿಸಬೇಕಾದರೆ 30 ದಿನ ಮೊದಲು ನೋಟಿಸ್ ಕೊಡಬೇಕು. ನಿಮ್ಮೂರಲ್ಲಿ ಈ ಸಮಿತಿ ಕೊನೆಗೆ ಯಾವಾಗ ಸೇರಿತ್ತು ಅಂತ ಕೇಳಿ. ಬಾಯಲ್ಲಿ ಕೇಳಬೇಡಿ, ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ.

ಮಳಿಗೆ ವಿಷಯ ಎಲ್ಲಾ ಊರಿನ ಕಥೆ. ಹರಾಜಲ್ಲಿ ಪೈಪೋಟಿಗೆ ಬಿದ್ದು ಕೂಗುತ್ತಾರೆ, ಆಮೇಲೆ ಬಾಕಿ. ಕೆಲವರು ತಾವು ಕಡಿಮೆಗೆ ಹಿಡಿದು ಬೇರೆಯವರಿಗೆ ಜಾಸ್ತಿ ಬಾಡಿಗೆಗೆ ಕೊಡುತ್ತಾರೆ. ಬೀಗ ಬಿದ್ದ 15 ಮಳಿಗೆಯಿಂದ ಪುರಸಭೆಗೆ ಬರುವುದು ಸೊನ್ನೆ. ಯಾವ ಮಳಿಗೆ ಯಾರ ಹೆಸರಲ್ಲಿದೆ, ಬಾಕಿ ಎಷ್ಟು ಅನ್ನೋ ಪಟ್ಟಿ ಕೇಳಿ. ಖಾಲಿ ಇರುವುದಕ್ಕೆ ಮೂಲ ಬಾಡಿಗೆ ಮತ್ತೆ ಲೆಕ್ಕ ಹಾಕಿ ಮರುಹರಾಜು ಮಾಡಿ ಅನ್ನಿ. ನನ್ನ ಅನುಭವದಲ್ಲಿ ಇನ್ನೊಂದು ಮಾತು. ಒಂದು ದೊಡ್ಡ ಮಳಿಗೆಯ ಮಧ್ಯೆ ಅರ್ಧ ಗೋಡೆ ಎಬ್ಬಿಸಿ ಎರಡು ಮಾಡಿದರೆ, ನಿಮ್ಮಂಥ ಇಬ್ಬರಿಗೆ ಸಾಕಾಗುತ್ತದೆ. ರೊಟ್ಟಿ ಅಂಗಡಿಗೆ ಹತ್ತು ಅಡಿ ಅಗಲ ಯಾಕೆ ಬೇಕು ಹೇಳಿ?

ಕೊನೆಗೆ ಬಜೆಟ್‌ನೊಳಗಿನ ಒಂದು ಬಾಬ್ತು. ಶೇ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಅಂತ ಪುರಸಭೆ ಎತ್ತಿಡಬೇಕು. ಎಷ್ಟೋ ಸಲ ಹೊಲಿಗೆ ಯಂತ್ರ ಹಂಚಿ ಫೋಟೊ ತೆಗೆದು ಮುಗಿಸುತ್ತಾರೆ. ಹೊಲಿಗೆ ಬಾರದವರ ಮನೆಯ ಅಟ್ಟದಲ್ಲಿ ಆ ಯಂತ್ರ ಪ್ಲಾಸ್ಟಿಕ್ ಕವರ್ ಸಮೇತ ಕೂತಿದ್ದನ್ನು ನಾನೇ ನೋಡಿದ್ದೇನೆ. ನಿಮ್ಮ ಸಂಘದಲ್ಲಿ ಯಾರಿಗೆ ತಳ್ಳುಗಾಡಿ ಬೇಕು, ಯಾರಿಗೆ ತೂಕದ ಯಂತ್ರ ಬೇಕು ಅಂತ ಹೆಸರು ಸಮೇತ ಬರೆದು ಕೊಡಿ.

ಗೋಕಾಕ ಚಟ್ನಿಪುಡಿ

ಅಕ್ಕಾ, ಸರ್ ಎಲ್ಲಾ ಹೇಳಿದ್ದಾರೆ. ನಾನು ಸಾಲದ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕಂದ್ರೆ ನಾನು ತಗೊಂಡಿದ್ದೇನೆ.

ಸಂತೆಯಲ್ಲಿ ಕೂರುವವರಿಗೆ ಪಿಎಂ ಸ್ವನಿಧಿ, ಬೀದಿ ವ್ಯಾಪಾರಿಗಳಿಗೆ ಅಂತ ಇರುವ ಕೇಂದ್ರ ಸರ್ಕಾರದ ಸಾಲ ಯೋಜನೆ. 2020ರಲ್ಲಿ ಶುರುವಾದಾಗ ಮೊದಲ ಸಾಲ 10,000 ಇತ್ತು. 2025ರಲ್ಲಿ ಅದನ್ನು 15,000 ಮಾಡಿದರು. ತೀರಿಸಿದರೆ 25,000, ಆಮೇಲೆ 50,000. ಸರಿಯಾಗಿ ಕಟ್ಟಿದರೆ ಶೇ 7ರಷ್ಟು ಬಡ್ಡಿ ಸಹಾಯಧನ. ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋಗಿದ್ದರೆ ಪುರಸಭೆಯಿಂದ ಶಿಫಾರಸು ಪತ್ರ ಪಡೆಯಬಹುದು. ಆ ಪತ್ರ ಕೊಡುವುದು ಪುರಸಭೆ ಕೆಲಸವೇ. ಸಭೆಯಲ್ಲಿ ಇದನ್ನೂ ಕೇಳಿ: ಸಂತೆ ದಿನ ಮೈದಾನದಲ್ಲೇ ಮೇಜು ಹಾಕಿ ಅರ್ಜಿ ತಗೊಳ್ಳಿ ಅಂತ. ಸೊಪ್ಪು ಮಾರುವವರು ವ್ಯಾಪಾರ ಬಿಟ್ಟು ಕಚೇರಿಗೆ ಮೂರು ಸಲ ಅಲೆಯಕ್ಕಾಗಲ್ಲ.

ನಿಮಗೆ, ಅಂದರೆ ಆರು ಜನಕ್ಕೆ ಕೆಲಸ ಕೊಟ್ಟವರಿಗೆ, ಪಿಎಂಎಫ್‌ಎಂಇ ಅನ್ನೋ ಕೇಂದ್ರದ ಯೋಜನೆ ಒಳ್ಳೆಯದು. ಕಿರು ಆಹಾರ ಸಂಸ್ಕರಣೆಯವರಿಗೆ ಅಂತಲೇ ಮಾಡಿದ್ದು. ಕೇಂದ್ರದ್ದು ಶೇ 35 ಸಹಾಯಧನ. ಅದರ ಮೇಲೆ ನಮ್ಮ ರಾಜ್ಯ ಶೇ 15 ಸೇರಿಸಿ ಒಟ್ಟು ಶೇ 50 ಮಾಡಿತು, ಗರಿಷ್ಠ 15 ಲಕ್ಷ. ನಮ್ಮ ಕೈಯಿಂದ ಶೇ 10 ಹಾಕಬೇಕು. ನಾನು ಹಿಟ್ಟಿನ ಗಿರಣಿ, ಪ್ಯಾಕಿಂಗ್ ಯಂತ್ರ ತಗೊಂಡೆ. ಒಂದು ಎಚ್ಚರಿಕೆ: ಸಹಾಯಧನ ಕೈಗೆ ಬರಲ್ಲ. ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಇರುತ್ತೆ, ಮೂರು ವರ್ಷ ನೀವು ಕಂತು ಸರಿಯಾಗಿ ಕಟ್ಟಿ ಘಟಕ ನಡೆಸಿದ ಮೇಲೆ ಸಾಲಕ್ಕೆ ಜಮಾ ಆಗುತ್ತೆ. ಈಗ ಹೊಸ ಅರ್ಜಿ ತಗೊಳ್ತಿದ್ದಾರಾ ಅಂತ ಕೃಷಿ ಇಲಾಖೆಯಲ್ಲಿ, ಇಲ್ಲವೇ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಹತ್ತಿರ ಮೊದಲು ವಿಚಾರಿಸಿ.

ನನಗೆ ತಡ ಆಗಿದ್ದು ಒಂದೇ ಕಡೆ. ಉದ್ದಿಮೆ ಪರವಾನಗಿ ಬರಲು ಎರಡು ತಿಂಗಳು. ಬ್ಯಾಂಕಿನವರು ಅದಿಲ್ಲದೆ ಫೈಲ್ ಮುಟ್ಟಲಿಲ್ಲ. ಹಾಗಾಗಿ ಪರವಾನಗಿ ಎಷ್ಟು ದಿನದಲ್ಲಿ ಕೊಡುತ್ತೀರಿ ಅನ್ನೋದನ್ನೂ ಬರೆಸಿ.

ರೊಟ್ಟಿಮನೆ ಅಕ್ಕ

ಸರ್, ಕಣ್ಣಲ್ಲಿ ನೀರು ಬಂತು. ಆ ಅಜ್ಜಿ ಹಾಗೇ ನಾವೂ ಮಾಡುತ್ತೇವೆ. ನಮ್ಮ ಹುಡುಗಿಯರು ಸಂತೆ ದಿನ ಬೆಳಗ್ಗೆ ಚಹಾ ಕೂಡ ಕುಡಿಯಲ್ಲ. ಇದನ್ನು ವ್ಯಾಪಾರದ ವಿಷಯ ಅಂತ ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ನಾಚಿಕೆ ವಿಷಯ, ಹೇಳಬಾರದು ಅಂತಲೇ ಇದ್ದೆ.

ಒಂದು ಅನುಮಾನ. ಬ್ಯಾಡಗಿ ಪೇಟೆ ನೋಡಿದರೆ ಸೋಮವಾರ, ಗುರುವಾರ ಊರೆಲ್ಲಾ ಲಾರಿ. ಮೆಣಸಿನಕಾಯಿ ಘಾಟಿಗೆ ಬಸ್ ಇಳಿದ ಕೂಡಲೇ ಸೀನು ಬರುತ್ತೆ. ಖಾನಾವಳಿ, ಚಹಾದಂಗಡಿ ಎಲ್ಲಾ ತುಂಬಿರುತ್ತೆ. ನಮ್ಮೂರಿಗೂ ಅಂಥ ಮಾರುಕಟ್ಟೆ ಕೇಳಬಹುದಾ?

ಹಳೇ ಕಂದಾಯ

ಅದು ಎಪಿಎಂಸಿ ತಂಗಿ, ಅಂದರೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ, ಪುರಸಭೆ ಅಲ್ಲ. ಬ್ಯಾಡಗಿ ಹೆಸರು ಬಂದಿದ್ದು ಆ ಕಾಯಿಯ ಬಣ್ಣದಿಂದ, ಎಷ್ಟೋ ತಲೆಮಾರಿನ ವ್ಯಾಪಾರದಿಂದ. 2011ರಲ್ಲಿ ಭೌಗೋಳಿಕ ಸೂಚಕವೂ (ಆ ಸೀಮೆಯ ಬೆಳೆ ಅನ್ನೋ ಕಾನೂನಿನ ಗುರುತು) ಸಿಕ್ಕಿತು. ಅದನ್ನು ಒಂದು ಠರಾವು ಮಾಡಿ ತರಲು ಆಗಲ್ಲ. ಆದರೆ ಬಂದ ಜನಕ್ಕೆ ನೀರು, ಶೌಚಾಲಯ, ಲಾರಿ ನಿಲ್ಲಲು ಜಾಗ ಕೊಡುವುದು ಯಾವ ಊರಿನ ಪುರಸಭೆಗೂ ಆಗುತ್ತದೆ. ಸಭೆಯಲ್ಲಿ ಮೂರೇ ವಿಷಯ ಹಿಡಿಯಿರಿ, ಹತ್ತು ಹೇಳಬೇಡಿ. ಲಿಖಿತವಾಗಿ ಕೊಡಿ. ನಡಾವಳಿ, ಅಂದರೆ ಸಭೆಯಲ್ಲಿ ಆದದ್ದನ್ನು ಬರೆದಿಟ್ಟ ದಾಖಲೆ, ಅದರ ಪ್ರತಿ ಕೇಳಿ ಪಡೆಯಿರಿ.

ರೊಟ್ಟಿಮನೆ ಅಕ್ಕ

ಸಭೆ ಇವತ್ತು ಮುಗಿಯಿತು. ನಾವು ಸಂಘದಿಂದ ಎಂಟು ಜನ ಹೋಗಿದ್ದೆವು. ಮೇನ್‌ರೋಡಿನ ಇಬ್ಬರು ಅಂಗಡಿಯವರೂ ನಮ್ಮ ಅರ್ಜಿಗೆ ಸಹಿ ಹಾಕಿದರು, ವಾಹನ ನಿಲುಗಡೆ ಸಾಲು ಸೇರಿಸಿದ ಮೇಲೆ. ಮೂರು ವಿಷಯ ಕೊಟ್ಟೆವು: ಸಂತೆಗೆ ಶೌಚಾಲಯ ಮತ್ತು ದೀಪ, ಖಾಲಿ ಮಳಿಗೆಯ ಮರುಹರಾಜು, ವ್ಯಾಪಾರ ಸಮಿತಿ ಸಭೆ. ನೀರು ಕುಡಿಯದ ವಿಷಯ ನಾನೇ ಎದ್ದು ಹೇಳಿದೆ. ಧ್ವನಿ ನಡುಗಿತು, ಆದರೂ ಹೇಳಿದೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ.

ಮಳಿಗೆ ಬಗ್ಗೆ ಮೇಲಿನವರನ್ನು ಕೇಳಬೇಕು ಅಂದರು. ಸಮಿತಿ ಸಭೆ ಕರೆಯುತ್ತೇವೆ ಅಂದರು, ದಿನಾಂಕ ಹೇಳಲಿಲ್ಲ. ಶೌಚಾಲಯಕ್ಕೆ ಅಂದಾಜು ಪಟ್ಟಿ ಮಾಡಿಸಲು ಎಂಜಿನಿಯರ್‌ಗೆ ಅಲ್ಲೇ ಹೇಳಿದರು. ಜಾಗ ನೋಡಲು ಮಂಗಳವಾರ ಹನ್ನೊಂದಕ್ಕೆ ಬರುತ್ತೇವೆ ಅಂದರು. ನಾನು ಹನ್ನೊಂದಕ್ಕೆ ಬೇಡ ಸರ್, ಬೆಳಗ್ಗೆ ಐದಕ್ಕೆ ಬನ್ನಿ, ರೊಟ್ಟಿ ನಾನು ಕಟ್ಟಿಕೊಂಡು ಬರುತ್ತೇನೆ ಅಂದೆ. ಒಪ್ಪಿಕೊಂಡಿದ್ದಾರೆ. ನಡಾವಳಿ ಪ್ರತಿಗೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಂಡಿದ್ದೇನೆ ಸರ್.