ಕರುಳಿನ ಫಾರ್ವರ್ಡಿನ ಮೇಲೆ ನಮ್ಮ ಮನೆ ಗುಂಪಿನಲ್ಲಿ ನಡೆದ ಚರ್ಚೆ

ದೊಡ್ಡಪ್ಪ (ಫಾರ್ವರ್ಡ್): ಸದಾ ಸುಸ್ತಾ? ಕಾರಣ ನಿಮ್ಮ ಕರುಳು!! ದೀರ್ಘಕಾಲದ ದಣಿವಿನ ಕಾಯಿಲೆ ಬರುವುದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತುಹೋಗುವುದರಿಂದ ಎಂದು ಅಮೆರಿಕದ ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ. ಮೂರು ವಾರ ಕರುಳು ಶುದ್ಧಿ ಮಾಡಿ, ಪ್ರೋಬಯಾಟಿಕ್ ಕ್ಯಾಪ್ಸೂಲ್ ತೆಗೆದುಕೊಳ್ಳಿ. ಕಾಯಿಲೆ ಬುಡಸಮೇತ ಮಾಯ! ತಪ್ಪದೆ ಎಲ್ಲರಿಗೂ ಕಳಿಸಿ.

ದೊಡ್ಡಪ್ಪ: ವಿದ್ಯಾ, ಕಿರಣನಿಗೆ ಇವತ್ತೇ ಶುರು ಮಾಡಿಸು. ಇಷ್ಟು ದಿನ ಡಾಕ್ಟರುಗಳಿಗೆ ತಿಳೀದೇ ಇದ್ದದ್ದು ಈಗ ಗೊತ್ತಾಗಿದೆ.

ಸುಮ ಅತ್ತೆ: ಕ್ಯಾಪ್ಸೂಲ್ ಎಲ್ಲಾ ಆಮೇಲೆ. ಮೊದಲು ಆ ಹುಡುಗ ಹಾಸಿಗೆ ಬಿಟ್ಟು ಏಳಲಿ. ದಿನಾ ಸ್ವಲ್ಪ ಸ್ವಲ್ಪ ನಡಿಗೆ ಜಾಸ್ತಿ ಮಾಡ್ತಾ ಹೋದ್ರೆ ಶಕ್ತಿ ತಾನಾಗೇ ಬರುತ್ತೆ. ಎಲ್ಲಾ ರಿಪೋರ್ಟೂ ನಾರ್ಮಲ್ ಬಂದಿದೆ ಅಲ್ವಾ?

ವಿದ್ಯಾ: ದೊಡ್ಡಪ್ಪ, ನೀವು ಪ್ರೀತಿಯಿಂದಲೇ ಕಳಿಸಿದ್ದೀರ, ಗೊತ್ತು. ಅತ್ತೆ, ನಿಮಗೂ ಅವನ ಮೇಲೆ ಕಾಳಜಿ ಇದೆ. ಆದ್ರೆ ಇಬ್ಬರೂ ಹೇಳ್ತಿರೋದರಲ್ಲಿ ಒಂದೊಂದು ಅಪಾಯ ಇದೆ. ಇವತ್ತು ಪೂರ್ತಿ ಬರೀತೀನಿ, ಓದಿ.

ಮೊದಲು ಫಾರ್ವರ್ಡು. ಕಿರಣನಿಗಿರೋ ಕಾಯಿಲೆ, ಅಂದ್ರೆ ಎಂಇ/ಸಿಎಫ್‌ಎಸ್ ಬಗ್ಗೆಯೇ ಅದು ಹೇಳೋದು. ಅದರ ಹಿಂದೆ ನಿಜವಾದ ಸಂಶೋಧನೆ ಇದೆ, ಪೂರ್ತಿ ಸುಳ್ಳಲ್ಲ. 2023ರ ಫೆಬ್ರುವರಿಯಲ್ಲಿ ‘ಸೆಲ್ ಹೋಸ್ಟ್ ಅಂಡ್ ಮೈಕ್ರೋಬ್’ ಪತ್ರಿಕೆಯಲ್ಲಿ ಒಟ್ಟಿಗೇ ಎರಡು ಅಧ್ಯಯನ ಬಂದವು. ಒಂದು ಕೊಲಂಬಿಯಾ ವಿಶ್ವವಿದ್ಯಾಲಯದ ತಂಡದ್ದು: 106 ರೋಗಿಗಳು, 91 ಆರೋಗ್ಯವಂತರು. ರೋಗಿಗಳ ಕರುಳಲ್ಲಿ ಫೀಕಾಲಿಬ್ಯಾಕ್ಟೀರಿಯಂ ಅನ್ನೋ ಸೂಕ್ಷ್ಮಾಣು ಕಡಿಮೆ ಇತ್ತು. ಅದು ಬ್ಯುಟಿರೇಟ್ ಅನ್ನೋ ವಸ್ತು ತಯಾರಿಸುತ್ತೆ. ದೊಡ್ಡಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಇಂಧನ ಅದೇ. ಉರಿಯೂತವನ್ನ ಹಿಡಿತದಲ್ಲಿಡೋಕೂ ಅದು ಬೇಕು. ಆ ಸೂಕ್ಷ್ಮಾಣು ಯಾರಲ್ಲಿ ಕಡಿಮೆ ಇತ್ತೋ ಅವರ ದಣಿವು ಹೆಚ್ಚು ಇತ್ತು. ಇಷ್ಟು ನಿಜ.

‘ಇದರಿಂದಲೇ ಕಾಯಿಲೆ ಬರುತ್ತೆ’ ಅಂತ ಆ ತಂಡ ಹೇಳಿಲ್ಲ. ಕ್ಯಾಪ್ಸೂಲಿನಿಂದ ವಾಸಿ ಆಗುತ್ತೆ ಅಂತಂತೂ ಎಲ್ಲೂ ಇಲ್ಲ.

ದೊಡ್ಡಪ್ಪ: ಕಡಿಮೆ ಇದೆ ಅಂದಮೇಲೆ ತುಂಬಿಸಿದ್ರೆ ಆಯ್ತಲ್ಲ? ಇದಕ್ಕೆ ಪಿಎಚ್‌ಡಿ ಬೇಕಾ?

ರಘು: ದೊಡ್ಡಪ್ಪ, ಅಷ್ಟು ಸುಲಭ ಅಲ್ಲ. ಅಂಗಡಿಯ ಪ್ರೋಬಯಾಟಿಕ್‌ಗಳಲ್ಲಿ ಸಾಮಾನ್ಯವಾಗಿ ಇರೋದು ಲ್ಯಾಕ್ಟೋಬ್ಯಾಸಿಲಸ್, ಬೈಫಿಡೋಬ್ಯಾಕ್ಟೀರಿಯಂ ಜಾತಿಯವು. ವಿದ್ಯಾ ಹೇಳಿದ ಸೂಕ್ಷ್ಮಾಣು ಆಮ್ಲಜನಕ ತಗುಲಿದ್ರೆ ಬೇಗ ಸಾಯುತ್ತೆ, ಅದನ್ನ ಕ್ಯಾಪ್ಸೂಲಿಗೆ ತುಂಬೋದೇ ಕಷ್ಟ. ಆರೋಗ್ಯವಂತರ ಮಲದಿಂದ ಇಡೀ ಸೂಕ್ಷ್ಮಾಣು ಸಮೂಹವನ್ನೇ ರೋಗಿಗೆ ವರ್ಗಾಯಿಸೋ ಚಿಕಿತ್ಸೆಯನ್ನೂ ಈ ಕಾಯಿಲೆಯಲ್ಲಿ ನೋಡಿದ್ದಾರೆ. ಫಿನ್‌ಲೆಂಡಿನ ಒಂದು ಪುಟ್ಟ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ.

ಆದ್ರೆ ವಿದ್ಯಾ, ನಿನ್ನ ಉತ್ಸಾಹಕ್ಕೂ ಸ್ವಲ್ಪ ಕಡಿವಾಣ ಬೇಕು. ವರ್ಷಗಟ್ಟಲೆ ಮಲಗಿರೋರ ಕರುಳು ಬದಲಾಗೋದರಲ್ಲಿ ಆಶ್ಚರ್ಯ ಏನಿದೆ? ಓಡಾಟ ಇಲ್ಲ, ಊಟ ಬದಲಾಗಿರುತ್ತೆ, ಔಷಧಿ ನುಂಗಿರ್ತಾರೆ, ಹಲವರಿಗೆ ಐಬಿಎಸ್ ಅನ್ನೋ ಕರುಳಿನ ತೊಂದರೆಯೂ ಇರುತ್ತೆ. ಕಾಯಿಲೆಯಿಂದ ಕರುಳು ಕೆಟ್ಟಿದ್ಯೋ, ಕರುಳಿನಿಂದ ಕಾಯಿಲೆಯೋ, ಯಾರಿಗೆ ಗೊತ್ತು?

ವಿದ್ಯಾ: ಸರಿಯಾದ ಪ್ರಶ್ನೆ. ಜೊತೆಗೇ ಬಂದ ಎರಡನೇ ಅಧ್ಯಯನ ಇಲ್ಲೇ ಮುಖ್ಯ ಆಗೋದು. ಅದು ಅಮೆರಿಕದ ಜಾಕ್ಸನ್ ಲ್ಯಾಬೊರೇಟರಿಯದ್ದು. ಅವರು ರೋಗಿಗಳನ್ನ ಎರಡು ಗುಂಪು ಮಾಡಿದ್ರು: ಕಾಯಿಲೆ ಶುರುವಾಗಿ ನಾಲ್ಕು ವರ್ಷ ದಾಟದವರು, ಹತ್ತು ವರ್ಷ ದಾಟಿದವರು. ಬರೀ ಮಲಗಿದ್ದರಿಂದಲೇ ಕರುಳು ಕೆಡೋದಾದ್ರೆ ಹತ್ತು ವರ್ಷದವರಲ್ಲಿ ಹೆಚ್ಚು ಕೆಟ್ಟಿರಬೇಕು ತಾನೇ? ಸಿಕ್ಕಿದ್ದು ಉಲ್ಟಾ. ಹೊಸ ರೋಗಿಗಳ ಕರುಳಲ್ಲೇ ಏರುಪೇರು ಹೆಚ್ಚು. ಹಳಬರದ್ದು ಬಹುಪಾಲು ಆರೋಗ್ಯವಂತರ ಹತ್ತಿರಕ್ಕೆ ಮರಳಿತ್ತು, ಆದ್ರೆ ರಕ್ತದಲ್ಲಿ ಕಾಣೋ ಚಯಾಪಚಯದ (ದೇಹ ಆಹಾರವನ್ನ ಶಕ್ತಿಯಾಗಿಸೋ ಕ್ರಿಯೆಯ) ಏರುಪೇರು, ರೋಗಲಕ್ಷಣ ಅವರಲ್ಲೇ ಜಾಸ್ತಿ.

ರಘು: ಅದು ಒಂದೇ ರೋಗಿಯನ್ನ ಹತ್ತು ವರ್ಷ ಹಿಂಬಾಲಿಸಿದ ಅಧ್ಯಯನ ಅಲ್ಲ. ಬೇರೆ ಬೇರೆ ಜನರನ್ನ ಒಂದು ಕಾಲದಲ್ಲಿ ನೋಡಿದ್ದು. ಅದರಿಂದ ‘ಮೊದಲು ಹೀಗಿತ್ತು, ಆಮೇಲೆ ಹಾಗಾಯ್ತು’ ಅಂತ ಕಥೆ ಕಟ್ಟೋದು ಅವಸರ.

ವಿದ್ಯಾ: ಒಪ್ತೀನಿ, ಕಥೆ ಪೂರ್ತಿ ಆಗಿಲ್ಲ. ಆದ್ರೆ ‘ಮಲಗಿದ್ದರಿಂದ ಕೆಟ್ಟಿದೆ’ ಅನ್ನೋ ಸುಲಭದ ಉತ್ತರಕ್ಕೂ ಅಲ್ಲಿ ಜಾಗ ಇಲ್ಲ. ಇನ್ನೊಂದು ನೋಡು. 2016ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 48 ರೋಗಿಗಳ ರಕ್ತ ನೋಡಿದಾಗ, ಬ್ಯಾಕ್ಟೀರಿಯಾದ ಹೊರಕವಚದ ಚೂರುಗಳು, ಆ ಚೂರಿಗೆ ದೇಹ ಪ್ರತಿಕ್ರಿಯಿಸಿದಾಗ ಏರೋ ಪ್ರೋಟೀನುಗಳು, ಎರಡೂ ಹೆಚ್ಚಿದ್ದವು. ಕರುಳಿನ ತಡೆಗೋಡೆ ಸಡಿಲ ಆಗಿ ಸೂಕ್ಷ್ಮಾಣುವಿನ ತುಣುಕು ರಕ್ತಕ್ಕೆ ಸೋರಿದ್ರೆ ಕಾಣೋ ಗುರುತು ಇದು. ರೋಗನಿರೋಧಕ ವ್ಯವಸ್ಥೆಗೂ ಕರುಳಿಗೂ ನಂಟು ಕಾಣೋದು ಇಲ್ಲಿ.

ಸುಮ ಅತ್ತೆ: ಇದೆಲ್ಲಾ ನಂಗೆ ಅರ್ಥ ಆಗಲ್ಲ ಕಣೇ. ನಡೆದ್ರೆ ಏನು ತೊಂದರೆ, ಅದು ಹೇಳು. ನಡಿಗೆಯಿಂದ ಯಾರಿಗಾದ್ರೂ ಕೆಟ್ಟದ್ದಾಗಿದ್ಯಾ?

ವಿದ್ಯಾ: ಆಗಿದೆ ಅತ್ತೆ. ನಮ್ಮ ಮನೇಲೇ.

ಹೋದ ತಿಂಗಳು ಕಿರಣ ‘ಇವತ್ತು ಪರವಾಗಿಲ್ಲ’ ಅಂತ ಎದ್ದು ತಲೆಸ್ನಾನ ಮಾಡಿದ, ಆಮೇಲೆ ಬಾಲ್ಕನಿಯಲ್ಲಿ ಕೂತು ನನ್ನ ಜೊತೆ ಮಾತಾಡಿದ. ಅವತ್ತು ಏನೂ ಆಗಲಿಲ್ಲ. ಮಾರನೇ ದಿನ ಸಂಜೆ ಹೊತ್ತಿಗೆ ಗಂಟಲು ಕಟ್ಟಿತು, ಕುತ್ತಿಗೆ ಗ್ರಂಥಿ ನೋಯೋಕೆ ಶುರು. ಕಿಟಕಿ ಪರದೆ ಹಾಕಿಸಿದ. ನಾನು ಪಿಸುಗುಟ್ಟಿದ್ರೂ ಕಿವಿ ಮುಚ್ಕೊಂಡ. ವಾರ ಕಳೆದ್ರೂ ಮೊದಲಿನ ಮಟ್ಟಕ್ಕೆ ಬರಲಿಲ್ಲ. ತಡವಾಗಿ ಬರೋ ಈ ಕುಸಿತವೇ ಕಾಯಿಲೆಯ ಮುಖ್ಯ ಗುರುತು. 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಇದನ್ನ ರೋಗನಿರ್ಣಯಕ್ಕೆ ಕಡ್ಡಾಯ ಲಕ್ಷಣ ಮಾಡಿತು. ಎಷ್ಟು ಮಲಗಿದ್ರೂ ಚೇತರಿಕೆ ಕೊಡದ ನಿದ್ದೆ, ಮಂಕಾಗೋ ಬುದ್ಧಿ, ನಿಂತ್ರೆ ಹೆಚ್ಚಾಗೋ ತೊಂದರೆ, ಇವೂ ಅದೇ ಪಟ್ಟಿಯಲ್ಲಿವೆ. ನಮ್ಮ ಹತ್ರ ಇರೋ ನಾರ್ಮಲ್ ರಿಪೋರ್ಟುಗಳು ಇವ್ಯಾವುದನ್ನೂ ಅಳೆಯೋದೇ ಇಲ್ಲ.

ಸುಮ ಅತ್ತೆ: ಮತ್ತೆ ಆ ಡಾಕ್ಟರು ವ್ಯಾಯಾಮ ಹೆಚ್ಚಿಸಿ ಅಂತ ಬರೆದುಕೊಟ್ಟಿದ್ರಲ್ಲ?

ವಿದ್ಯಾ: ಬರೆದುಕೊಟ್ಟಿದ್ರು. ಅದರ ಮೂಲ ಬ್ರಿಟನ್ನಿನ ಪೇಸ್ ಪ್ರಯೋಗ. 641 ರೋಗಿಗಳು, 2011ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟ. ಹಂತಹಂತವಾಗಿ ವ್ಯಾಯಾಮ ಹೆಚ್ಚಿಸಿದ್ರೆ ಸುಧಾರಿಸ್ತಾರೆ ಅಂತ ಅದು ಹೇಳಿತು. ಆದ್ರೆ ಒಂದು ಅಂಕೆ ನೋಡಿ ಅತ್ತೆ. ಪ್ರಯೋಗಕ್ಕೆ ಸೇರೋಕೆ ದೈಹಿಕ ಸಾಮರ್ಥ್ಯದ ಅಂಕ 100ಕ್ಕೆ 65 ಅಥವಾ ಅದಕ್ಕಿಂತ ಕಡಿಮೆ ಇರಬೇಕಿತ್ತು, ಅಂದ್ರೆ ಅಷ್ಟು ಕಾಯಿಲೆ ಇರಬೇಕು. ಕೊನೆಗೆ ‘ಸಾಮಾನ್ಯ ಮಟ್ಟ’ ಅಂತ ಎಣಿಸಿದ್ದು 60 ಮತ್ತು ಮೇಲೆ. ಒಬ್ಬ ರೋಗಿ 65ರಿಂದ 60ಕ್ಕೆ ಇಳಿದ್ರೂ ಆ ಲೆಕ್ಕದಲ್ಲಿ ಸಾಮಾನ್ಯ! ರೋಗಿಗಳು ವರ್ಷಗಟ್ಟಲೆ ಹೋರಾಡಿ, ನ್ಯಾಯಮಂಡಳಿಯ ಆದೇಶದ ಮೇಲೆ 2016ರಲ್ಲಿ ದತ್ತಾಂಶ ಹೊರಬಂತು. 2021ರ ಅಕ್ಟೋಬರಿನಲ್ಲಿ ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬರೆಯೋ ನೈಸ್ ಸಂಸ್ಥೆ ತನ್ನ ಮಾರ್ಗಸೂಚಿ ಬದಲಿಸಿ, ಈ ರೀತಿಯ ವ್ಯಾಯಾಮ ಕಾರ್ಯಕ್ರಮ ಕೊಡಬೇಡಿ ಅಂತಲೇ ಬರೆಯಿತು.

ಇದು ನೆನಪಾದಾಗೆಲ್ಲಾ ನನಗೆ ಸಿಟ್ಟು ಬರುತ್ತೆ. ಎದ್ದು ಓಡಾಡಿ ಅಂತ ದೂಡಿಸಿಕೊಂಡು ಹಾಸಿಗೆ ಹಿಡಿದವರು ಎಷ್ಟೋ ಜನ ಇದ್ದಾರೆ. ಅವರ ಮಾತನ್ನ ಅಷ್ಟು ವರ್ಷ ಯಾರೂ ಕೇಳಲಿಲ್ಲ.

ಸುಮ ಅತ್ತೆ: ಹಾಗಿದ್ರೆ ಪೂರ್ತಿ ಮಲಗೇ ಇರಬೇಕಾ?

ವಿದ್ಯಾ: ಇಲ್ಲ. ಇವತ್ತು ಎಷ್ಟು ಶಕ್ತಿ ಇದೆಯೋ ಅದರ ಒಳಗೆ ಮಾತ್ರ. ಚೆನ್ನಾಗಿದೆ ಅನ್ನಿಸಿದ ದಿನವೇ ಹೆಚ್ಚು ಎಚ್ಚರ. ಪೇಸಿಂಗ್ ಅಂತಾರೆ. ಅದರಿಂದ ಕಾಯಿಲೆ ಗುಣ ಆಗಲ್ಲ, ಕುಸಿತ ಕಡಿಮೆ ಆಗುತ್ತೆ.

ರಘು: ಆ ಪೇಸ್ ಪ್ರಯೋಗದ ವಿಷಯದಲ್ಲಿ ನನ್ನ ತಕರಾರಿಲ್ಲ. ಆದ್ರೆ ಸೋಂಕು, ರೋಗನಿರೋಧಕ ವ್ಯವಸ್ಥೆಯ ಕಡೆಗೆ ವಾಲಿದವರೂ ಎಡವಿದ್ದಾರೆ, ಅದೂ ಗುಂಪಿಗೆ ಗೊತ್ತಿರಲಿ. 2009ರಲ್ಲಿ ಈ ರೋಗಿಗಳ ರಕ್ತದಲ್ಲಿ ಎಕ್ಸ್‌ಎಂಆರ್‌ವಿ ಅನ್ನೋ ವೈರಸ್ ಸಿಕ್ಕಿತು ಅಂತ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು, ಜಗತ್ತೆಲ್ಲಾ ಕುಣಿಯಿತು. ಅದು ಪ್ರಯೋಗಾಲಯದ ಕಲಬೆರಕೆ ಅಂತ ಗೊತ್ತಾಗಿ 2011ರಲ್ಲಿ ಲೇಖನ ವಾಪಸ್. ರಿಟುಕ್ಸಿಮ್ಯಾಬ್ ಕಥೆಯೂ ಅಷ್ಟೇ.

ದೊಡ್ಡಪ್ಪ: ಅದೇನದು?

ವಿದ್ಯಾ: ನಾನೇ ಹೇಳ್ತೀನಿ, ಅದನ್ನ ಓದಿ ನಾನು ಅತ್ತಿದ್ದೆ. ನಾರ್ವೆಯ ಬರ್ಗೆನ್‌ನಲ್ಲಿ ಫ್ಲೂಗೆ, ಮೆಲ್ಲಾ ಅಂತ ಇಬ್ಬರು ಕ್ಯಾನ್ಸರ್ ವೈದ್ಯರು. ಅವರ ಒಬ್ಬ ರೋಗಿಗೆ ಲಿಂಫೋಮಾ ಅನ್ನೋ ಕ್ಯಾನ್ಸರ್ ಜೊತೆಗೆ ಈ ಕಾಯಿಲೆಯೂ ಇತ್ತು. ಕ್ಯಾನ್ಸರ್ ಚಿಕಿತ್ಸೆ ಆದಮೇಲೆ ದಣಿವಿನ ಕಾಯಿಲೆ ಹಗುರಾಯ್ತು. ಹಾಗಾದ್ರೆ ರೋಗನಿರೋಧಕ ವ್ಯವಸ್ಥೆಯ ಬಿ ಜೀವಕೋಶಗಳನ್ನ ನಾಶ ಮಾಡೋ ರಿಟುಕ್ಸಿಮ್ಯಾಬ್ ಔಷಧಿ ಕೊಟ್ಟು ನೋಡೋಣ ಅಂತ 30 ಜನರ ಪ್ರಯೋಗ ಮಾಡಿದ್ರು. 2011ರಲ್ಲಿ ಫಲಿತಾಂಶ: ಔಷಧಿ ಪಡೆದ 15ರಲ್ಲಿ 10 ಜನ ಸುಧಾರಿಸಿದ್ರು, ಹುಸಿ ಔಷಧಿ ಪಡೆದ 15ರಲ್ಲಿ 2 ಜನ. ಎಂಥಾ ಆಸೆ ಹುಟ್ಟಿರಬೇಡ! ಆಮೇಲೆ ಅವರೇ 151 ಜನರ ದೊಡ್ಡ ಪ್ರಯೋಗ ಮಾಡಿದ್ರು. 2019ರಲ್ಲಿ ಬಂತು: ಔಷಧಿಯವರಲ್ಲಿ ಶೇ. 26, ಹುಸಿ ಔಷಧಿಯವರಲ್ಲಿ ಶೇ. 35. ಕೆಲಸ ಮಾಡಲಿಲ್ಲ. ಅವರು ಮುಚ್ಚಿಡದೆ ಪ್ರಕಟಿಸಿದ್ರು, ಅದಕ್ಕೆ ಅವರ ಮೇಲೆ ನನಗೆ ಗೌರವ.

ದೊಡ್ಡಪ್ಪ, ಎಲ್ಲಾ ಹೆಜ್ಜೆ ಸರಿಯಾಗಿಟ್ಟ ಔಷಧಿಗೇ ಹೀಗಾಗಿದೆ. ಫಾರ್ವರ್ಡಿನ ಕ್ಯಾಪ್ಸೂಲಿಗೆ ಒಂದು ಹೆಜ್ಜೆಯೂ ಇಲ್ಲ.

ದೊಡ್ಡಪ್ಪ: ಸರಿ, ಗುಣ ಆಗದಿದ್ರೆ ಬೇಡ. ತಗೊಂಡ್ರೆ ನಷ್ಟ ಏನು?

ವಿದ್ಯಾ: ಕಿರಣನ ದೇಹ ಹೊಸದನ್ನೆಲ್ಲಾ ತಡ್ಕೊಳ್ಳೋದಿಲ್ಲ, ಚಿಕ್ಕ ಬದಲಾವಣೆಗೂ ಹೊಟ್ಟೆ ಕೆಡುತ್ತೆ. ‘ಶುದ್ಧಿ’ ಹೆಸರಲ್ಲಿ ಭೇದಿ ಆಗಿ ನೀರಿನಂಶ ಇಳಿದ್ರೆ, ನಿಂತಾಗ ಮೊದಲೇ ತಲೆ ತಿರುಗೋನಿಗೆ ಏನಾಗುತ್ತೆ ಯೋಚಿಸಿ. ಮತ್ತೆ ಮೂರು ವಾರ ಆದಮೇಲೆ ವಾಸಿ ಆಗದಿದ್ರೆ, ಸರಿಯಾಗಿ ಮಾಡಲಿಲ್ಲ ಅಂತ ತಪ್ಪು ಅವನ ತಲೆಗೇ ಬರುತ್ತೆ. ಇಷ್ಟು ವರ್ಷ ಅದೇ ಆಗಿದೆ.

ರಘು: ಇದು ಸರಿ. ವೈದ್ಯರನ್ನ ಕೇಳದೆ ಯಾವ ಶುದ್ಧಿಯೂ ಬೇಡ. ಆದ್ರೆ ವಿದ್ಯಾ, 2024ರ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್‌ನ ಅಧ್ಯಯನ ನೀನು ಹೇಳಲೇ ಇಲ್ಲ. ಸರ್ಕಾರಿ ಸಂಸ್ಥೆ, ತುಂಬಾ ಆಳವಾದ ತಪಾಸಣೆ. ಅವರು ಮೆದುಳಿನ ಕಡೆ ಕೈ ತೋರಿಸಿದ್ರು.

ವಿದ್ಯಾ: ಹೇಳ್ತೀನಿ. 17 ರೋಗಿಗಳು, ಅಷ್ಟೇ. ಬಿ ಜೀವಕೋಶಗಳಲ್ಲಿ ಬದಲಾವಣೆ, ಬೆನ್ನುಹುರಿ ದ್ರವದಲ್ಲಿ ಕೆಲವು ರಾಸಾಯನಿಕ ಕಡಿಮೆ, ಮೆದುಳಿನ ಒಂದು ಭಾಗದ ಚಟುವಟಿಕೆ ಕಡಿಮೆ. ಇವು ಅಮೂಲ್ಯ ಮಾಹಿತಿ. ಆದ್ರೆ ರೋಗಿಗಳು ಕಷ್ಟದ ಕೆಲಸ ಆರಿಸಿಕೊಳ್ಳೋದು ಕಡಿಮೆ ಅನ್ನೋದನ್ನ ‘ಶ್ರಮದ ಆಯ್ಕೆ’ ಅಂತ ಕರೆದು ಮುಂದಿಟ್ಟರು. ನಾಳೆ ಕುಸಿಯೋದು ಗೊತ್ತಿರೋನು ಇವತ್ತು ಶಕ್ತಿ ಉಳಿಸಿಕೊಂಡ್ರೆ ಅದು ಕಾಯಿಲೆಯ ಕಾರಣವಾ, ಕಾಯಿಲೆಯಿಂದ ಕಲಿತ ಎಚ್ಚರವಾ? ಕರುಳಿನ ವಿಷಯಕ್ಕೆ ನೀನು ಕೇಳಿದ ‘ಯಾವುದು ಮೊದಲು’ ಅನ್ನೋ ಪ್ರಶ್ನೆಯನ್ನ ಇಲ್ಲೂ ಕೇಳು ರಘು.

ರಘು: ಕೇಳಬಹುದು. ಆದ್ರೂ ಮೆದುಳನ್ನ ಪಕ್ಕಕ್ಕಿಡೋಕೆ ಆಗಲ್ಲ.

ವಿದ್ಯಾ: ನಾನೂ ಇಡ್ತಿಲ್ಲ. 2025ರ ಆಗಸ್ಟಿನಲ್ಲಿ ಎಡಿನ್‌ಬರೋದ ಡಿಕೋಡ್‌ಎಂಇ ತಂಡ 15,579 ರೋಗಿಗಳ ಡಿಎನ್ಎ ನೋಡಿ ಎಂಟು ಕಡೆ ವ್ಯತ್ಯಾಸ ಹೇಳಿತು. ಅವು ರೋಗನಿರೋಧಕ ವ್ಯವಸ್ಥೆ, ನರಮಂಡಲ ಎರಡರ ಕಡೆಗೂ ಬೊಟ್ಟು ಮಾಡ್ತವೆ. ಹುಟ್ಟುವಾಗ ಬಂದ ಡಿಎನ್ಎ ಮಲಗಿದ್ದರಿಂದಲೋ ಔಷಧಿಯಿಂದಲೋ ಬದಲಾಗಲ್ಲ. ಅದಕ್ಕೇ ನನಗೆ ಅದು ದೊಡ್ಡದು.

ರಘು: ಆಗ ಅದು ಪ್ರೀಪ್ರಿಂಟ್, ಅಂದ್ರೆ ಬೇರೆ ತಜ್ಞರು ಪರಿಶೀಲಿಸೋ ಮೊದಲು ಹೊರಬಂದ ಕರಡು. ಆ ವ್ಯತ್ಯಾಸಗಳ ಒಂದೊಂದರ ಪರಿಣಾಮವೂ ಚಿಕ್ಕದು. ಅದರಿಂದ ಕಿರಣನಿಗೆ ಕಾಯಿಲೆ ಇದೆಯೋ ಇಲ್ವೋ ಅಂತ ಪರೀಕ್ಷೆ ಮಾಡೋಕಾಗಲ್ಲ.

ವಿದ್ಯಾ: ಮಾಡೋಕಾಗಲ್ಲ. ಆದ್ರೆ ‘ಎಲ್ಲಾ ಮನಸ್ಸಲ್ಲೇ’ ಅನ್ನೋರ ಬಾಯಿಗೆ ಅದು ಉತ್ತರ.

ಕಿರಣ: ಎಲ್ಲಾ ಓದಿದೆ. ದೊಡ್ಡಪ್ಪ, ಬೇಜಾರಿಲ್ಲ. ಕ್ಯಾಪ್ಸೂಲ್ ಬೇಡ. ಅತ್ತೆ, ಭಾನುವಾರ ಬನ್ನಿ. ಹತ್ತು ನಿಮಿಷ. ನಾನು ಮಲಗೇ ಮಾತಾಡ್ತೀನಿ.

ಸುಮ ಅತ್ತೆ: ಬರ್ತೀನಿ ಮಗಾ. ನಾನು ಮಾತಾಡ್ತೀನಿ, ನೀನು ಸುಮ್ನೆ ಕೇಳು. ಸುಸ್ತಾದ್ರೆ ಕೈ ಎತ್ತು, ಹೊರಟುಬಿಡ್ತೀನಿ.

ದೊಡ್ಡಪ್ಪ: ವಿದ್ಯಾ, ಆ ಫಾರ್ವರ್ಡು ನನ್ನ ನಿವೃತ್ತರ ಗುಂಪಲ್ಲೂ ಹಾಕಿದ್ದೆ. ಅಲ್ಲಿ ಇಬ್ಬರ ಮನೇಲಿ ಕೋವಿಡ್ ಆದಮೇಲೆ ಹೀಗೇ ಮಲಗಿರೋರು ಇದ್ದಾರೆ. ನೀನು ಬರೆದಿದ್ದನ್ನ ಅಲ್ಲಿ ಹಾಕ್ಲಾ?

ವಿದ್ಯಾ: ಹಾಕಿ ದೊಡ್ಡಪ್ಪ. ಕಿರಣನ ವಿಷಯ ಇರೋ ಮೆಸೇಜ್ ಬಿಟ್ಟು, ಪೇಸಿಂಗ್ ಮತ್ತು ನೈಸ್ ಮಾರ್ಗಸೂಚಿಯ ಭಾಗ ಮೊದಲು ಹಾಕಿ. ಅವರಿಗೆ ತಕ್ಷಣ ಬೇಕಾಗಿರೋದು ಅದು. ರಘು ಹೇಳಿದ ಎಚ್ಚರಿಕೆಗಳನ್ನೂ ಸೇರಿಸಿ, ಬಿಡಬೇಡಿ.