ಮಗಳಿಗೆ ದವಡೆ ನೋವೇ ಇಲ್ಲ, ಆದರೂ ಎಂಆರ್‌ಐ ಬೇಕಾ?

ದಾವಣಗೆರೆ ಅಮ್ಮ:
ನಮಸ್ಕಾರ. ಮಗಳಿಗೆ 8 ವರ್ಷ. ಎರಡು ವರ್ಷದಿಂದ ಮಕ್ಕಳ ಸಂಧಿವಾತ ಇದೆ, ಡಾಕ್ಟರು ಜೆಐಎ ಅಂತಾರೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಕೊಡುತ್ತಿದ್ದೇವೆ. ಊದಿದ್ದ ಮಂಡಿ ಈಗ ಇಳಿದಿದೆ, ಓಡಾಡುತ್ತಾಳೆ. ಹೋದ ತಿಂಗಳು ಬೆಣ್ಣೆ ದೋಸೆ ಕೊಡಿಸಿದಾಗ ನಡುವಿನ ಮೆತ್ತನೆ ಭಾಗ ಮಾತ್ರ ತಿಂದು ಗರಿಗರಿ ಅಂಚನ್ನೆಲ್ಲ ತಟ್ಟೆಯಲ್ಲೇ ಬಿಟ್ಟಳು. ಮೊದಲು ಆ ಅಂಚಿಗೇ ಅಣ್ಣನ ಜೊತೆ ಜಗಳ ಆಡುತ್ತಿದ್ದವಳು. ಬಾಯಿ ತೆರೆ ಅಂದರೆ ಗದ್ದ ಎಡಕ್ಕೆ ವಾಲುತ್ತದೆ. ನೋವಾ ಅಂದರೆ ಇಲ್ಲ ಅಂತಾಳೆ.

ಇಲ್ಲೇ ಒಂದು ಕಡೆ ಎಕ್ಸ್‌ರೇ ತೆಗೆಸಿದೆವು. ಏನೂ ಇಲ್ಲ, ಹಲ್ಲು ಬೀಳೋ ವಯಸ್ಸು ಅಂದರು. ಉರಿಯೂತ ನೋಡುವ ರಕ್ತ ಪರೀಕ್ಷೆ, ಇಎಸ್‌ಆರ್ ಕೂಡ ನಾರ್ಮಲ್. ಬೆಂಗಳೂರಿನಲ್ಲಿ ತೋರಿಸುವ ಡಾಕ್ಟರು ಮಾತ್ರ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು ದವಡೆ ಕೀಲಿನ ಎಂಆರ್‌ಐ ಮಾಡಿಸಿ ಅಂತ ಬರೆದಿದ್ದಾರೆ. ಸುಮ್ನೆ ಮಗುವಿಗೆ ಯಾಕೆ ಸೂಜಿ ಅಂತ ಅತ್ತೆಯವರ ಪ್ರಶ್ನೆ. ನನಗೂ ಗೊಂದಲ. ಯಾರಾದರೂ ಮಾಡಿಸಿದ್ದೀರಾ?

ದುರ್ಗದ ತಾಯಿ:
ಮಾಡಿಸಿ ಅಕ್ಕ, ತಡ ಮಾಡಬೇಡಿ. ನನ್ನ ಮಗನೂ ಒಂದು ದಿನ ನೋವು ಅಂದವನಲ್ಲ. ನಮ್ಮದು ಮುದ್ದೆ ಮನೆ. ಮುದ್ದೆ ಅಗಿಯೋದಿಲ್ಲ, ನುಂಗೋದು ಅಲ್ವಾ, ಹಾಗಾಗಿ ಅವನು ಅಗಿಯೋದು ಬಿಟ್ಟಿದ್ದೇ ನಮಗೆ ಗೊತ್ತಾಗಲಿಲ್ಲ. ಶಾಲೆ ಫೋಟೋದಲ್ಲಿ ಪಕ್ಕದಿಂದ ನೋಡಿದಾಗ ಗದ್ದ ಒಳಗೆ ಹೋದ ಹಾಗೆ ಕಂಡಿತು. ಎಂಆರ್‌ಐ ಮಾಡಿಸುವ ಹೊತ್ತಿಗೆ ಎರಡೂ ಕಡೆ ಉರಿಯೂತ, ಮೂಳೆಯ ತುದಿ ಆಗಲೇ ಚಪ್ಪಟೆ ಆಗಿತ್ತು. ಒಂದು ವರ್ಷ ಮೊದಲೇ ನೋಡಬೇಕಿತ್ತು ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಬಾಯಿ ಪೂರ್ತಿ ತೆರೆಯುತ್ತದಾ ಅಂತ ನೋಡೋಕೆ ಒಂದು ಕೆಲಸ ಮಾಡಿ. ಅವಳದೇ ಮೂರು ಬೆರಳು ಜೋಡಿಸಿ, ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ನಿಲ್ಲಿಸಿ ಹಾಕಿಸಿ ನೋಡಿ. ಮತ್ತೆ ಎಂಆರ್‌ಐ ಸದ್ದನ್ನು ಫೋನಿನಲ್ಲಿ ಹಾಕಿ, ಮಂಚದ ಮೇಲೆ ಅಲ್ಲಾಡದೆ ಮಲಗೋದನ್ನು ನಾಲ್ಕು ದಿನ ಆಡಿಸಿ. ನಮ್ಮವನು ಹಾಗೇ ಕಲಿತ, ಮಂಪರು ಔಷಧಿ ಬೇಕಾಗಲಿಲ್ಲ.

ಸ್ಕ್ಯಾನ್ ಓದುವ ಡಾಕ್ಟರ್, ದಾವಣಗೆರೆ:
ಎಕ್ಸ್‌ರೇ ಸರಿ ಇದೆ ಅಂದರೆ ಕೀಲು ಸರಿ ಇದೆ ಅಂತ ಅಲ್ಲ ಮೇಡಂ. ಎಕ್ಸ್‌ರೇಯಲ್ಲಿ ಕಾಣೋದು ಮೂಳೆ ಸವೆದ ಮೇಲೆ. ಉರಿಯೂತ ಶುರುವಾಗೋದು ಕೀಲಿನ ಒಳಪೊರೆಯಲ್ಲಿ, ಅದು ಎಕ್ಸ್‌ರೇಗೆ ಸಿಗೋದಿಲ್ಲ. ಮಂಡಿ ಊದಿದರೆ ಕಣ್ಣಿಗೆ ಕಾಣುತ್ತದೆ, ಕಿವಿ ಮುಂದಿನ ಈ ಕೀಲು ಊದಿದರೂ ಸಾಮಾನ್ಯವಾಗಿ ಹೊರಗೆ ಕಾಣೋದಿಲ್ಲ. ಅಲ್ಟ್ರಾಸೌಂಡ್‌ಗೂ ಮೂಳೆ ಅಡ್ಡ ಬರುತ್ತದೆ. ರಕ್ತದ ವರದಿ ನಾರ್ಮಲ್ ಇದ್ದೂ ಒಳಗೆ ಉರಿಯೂತ ಇರಬಹುದು. ಕೆಳದವಡೆ ಬೆಳೆಯುವ ಮುಖ್ಯ ಜಾಗ ಈ ಕೀಲಿನ ಮೇಲ್ಪದರದ ಕೆಳಗೇ ಇದೆ, ಒಂದು ಕಡೆ ಬೆಳವಣಿಗೆ ಕುಂಠಿತವಾದರೆ ಮುಖವೇ ಓರೆಯಾಗುತ್ತದೆ. ಅದಕ್ಕೇ ಅವಸರ.

ಕಾಂಟ್ರಾಸ್ಟ್ ಅಂದರೆ ಗ್ಯಾಡೋಲಿನಿಯಂ ಇರುವ ಇಂಜೆಕ್ಷನ್, ಕೈಯ ರಕ್ತನಾಳಕ್ಕೆ ಕೊಡುತ್ತಾರೆ. ಉರಿಯೂತ ಇರುವ ಪೊರೆ ಅದನ್ನು ಹೀರಿ ಬೆಳ್ಳಗೆ ಹೊಳೆಯುತ್ತದೆ. ಕೊಟ್ಟ ಕೆಲವೇ ನಿಮಿಷದಲ್ಲಿ ಚಿತ್ರ ತೆಗೆಯಬೇಕು, ತಡವಾದರೆ ಅದು ಕೀಲಿನ ನೀರಿಗೂ ಸೇರಿ ಪೊರೆ ಯಾವುದು ನೀರು ಯಾವುದು ತಿಳಿಯೋದಿಲ್ಲ. ಇನ್ನೊಂದು ವಿಷಯ, ಆರೋಗ್ಯವಂತ ಮಕ್ಕಳ ಕೀಲೂ ಸ್ವಲ್ಪ ಹೊಳೆಯಬಹುದು. ಹಾಗಾಗಿ ಮಕ್ಕಳ ದವಡೆ ನೋಡಿ ಅಭ್ಯಾಸ ಇರುವವರ ಹತ್ತಿರ ಓದಿಸಿ, ವರದಿ ಮಾತ್ರ ಅಲ್ಲ, ಸಿಡಿಯನ್ನೂ ಬೆಂಗಳೂರಿಗೆ ಒಯ್ಯಿರಿ. ಎಂಆರ್‌ಐನಲ್ಲಿ ಎಕ್ಸ್‌ರೇಯಂಥ ವಿಕಿರಣ ಇಲ್ಲ. ಕಿಡ್ನಿ ತೊಂದರೆ, ಅಲರ್ಜಿ ಇದ್ದರೆ ಮೊದಲೇ ಹೇಳಿ.

ಹರಿಹರದ ಅಪ್ಪ:
ಸರ್, ಉರಿಯೂತ ಕಂಡರೆ ದವಡೆಗೇ ಸ್ಟಿರಾಯ್ಡ್ ಇಂಜೆಕ್ಷನ್ ಕೊಡ್ತಾರಾ?

ಸ್ಕ್ಯಾನ್ ಓದುವ ಡಾಕ್ಟರ್, ದಾವಣಗೆರೆ:
ಬೆಳೆಯುವ ಮಕ್ಕಳಿಗೆ ಅದು ಮೊದಲ ದಾರಿ ಅಲ್ಲ ಸರ್. ಕೀಲಿನೊಳಗೆ ಬೇಡದ ಮೂಳೆ ಬೆಳೆದ ಉದಾಹರಣೆಗಳಿವೆ. ಸಾಮಾನ್ಯವಾಗಿ ಮೊದಲು ಮೆಥೊಟ್ರೆಕ್ಸೇಟ್ ಸರಿಹೊಂದಿಸುತ್ತಾರೆ, ಸಾಲದಿದ್ದರೆ ಬಯಾಲಾಜಿಕ್ಸ್, ಅಂದರೆ ಉರಿಯೂತ ತರುವ ನಿರ್ದಿಷ್ಟ ಅಂಶವನ್ನೇ ತಡೆಯುವ ಔಷಧಿ. ಅದನ್ನು ಸಂಧಿವಾತದ ಡಾಕ್ಟರೇ ನಿರ್ಧರಿಸಬೇಕು.

ದಾವಣಗೆರೆ ಅಮ್ಮ:
ಅಕ್ಕ, ನಿನ್ನೆ ರಾತ್ರಿ ಬೆರಳು ಹಾಕಿಸಿ ನೋಡಿದೆ. ಎರಡು ಹೋದವು, ಮೂರನೆಯದು ಉಗುರಿನ ಹತ್ತಿರವೇ ನಿಂತಿತು. ಅವಳ ಅಣ್ಣನಿಗೆ ಮೂರೂ ಸಲೀಸಾಗಿ ಹೋಯ್ತು. ಪಕ್ಕದಲ್ಲೇ ಕೂತಿದ್ದ ಅತ್ತೆಯವರು ಮತ್ತೆ ಮಾತಾಡಲಿಲ್ಲ. ಇವತ್ತು ಕಿಡ್ನಿ ನೋಡುವ ಕ್ರಿಯಾಟಿನಿನ್ ಟೆಸ್ಟ್‌ಗೆ ರಕ್ತ ಕೊಟ್ಟು ಬಂದೆವು, ಗುರುವಾರ ಬೆಳಿಗ್ಗೆ ಎಂಆರ್‌ಐ. ಈಗ ಮಂಚದ ಮೇಲೆ ಮಲಗಿಸಿ ಸದ್ದು ಹಾಕಿದ್ದೇನೆ, ಅತ್ತೆಯವರು ಗಡಿಯಾರ ಹಿಡಿದು ಕೂತಿದ್ದಾರೆ.