ಪದ ಬೇಕು: ಥ್ರಸ್ಟ್ ಬೇರಿಂಗ್, ಥ್ರಸ್ಟ್ ವಾಷರ್

ಎಲ್ಲರಿಗೂ ನಮಸ್ಕಾರ.

ರೈಡಿಂಗ್ ಮೋವರ್, ಅಂದರೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರದ ರಿಪೇರಿ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಎಂಜಿನ್, ಬೆಲ್ಟ್, ಬ್ಲೇಡ್ ಎಲ್ಲ ಸಲೀಸಾಗಿ ಹೋಯಿತು. ಮುಂದಿನ ಚಕ್ರದ ಹತ್ತಿರ ಬಂದು ಸಿಕ್ಕಿಕೊಂಡಿದ್ದೇನೆ. ಅಲ್ಲಿ ಥ್ರಸ್ಟ್ ಬೇರಿಂಗ್ ಇರುತ್ತದೆ, ಥ್ರಸ್ಟ್ ವಾಷರ್ ಇರುತ್ತದೆ, ಸಾದಾ ವಾಷರ್ ಕೂಡ ಇರುತ್ತದೆ. ಕೈಲಿ ಸ್ಪಾನರ್ ಹಿಡಿದು ಓದುವವರಿಗೆ ಗೊಂದಲ ಆಗದ ಹಾಗೆ ಇವನ್ನು ಏನೆಂದು ಕರೆಯೋಣ?

ಬೇರಿಂಗ್‌ಗೆ ಹೊಸ ಪದ ಕಟ್ಟುವ ಆಸೆ ನನಗಿಲ್ಲ. ಅದು ಕನ್ನಡದ್ದೇ ಆಗಿಹೋಗಿದೆ. ವಾಷರ್ ಕೂಡ ಎಲ್ಲರಿಗೂ ಗೊತ್ತು. ತೊಡಕಿರುವುದು ಥ್ರಸ್ಟ್‌ನಲ್ಲಿ. ಅದಕ್ಕಿಂತ ಜಾಸ್ತಿ ತೊಡಕು, ವಾಷರ್ ಅನ್ನೋ ಒಂದೇ ಹೆಸರಿನ ಕೆಳಗೆ ನಾಲ್ಕು ಥರದ ಸಾಮಾನು ಸೇರಿಕೊಂಡಿರುವುದರಲ್ಲಿ.

ಮೊದಲು ಥ್ರಸ್ಟ್. ತಿರುಗುವ ಶಾಫ್ಟಿನ ಮೇಲೆ ಹೊರೆ ಎರಡು ಥರ ಬೀಳುತ್ತದೆ. ಒಂದು, ಶಾಫ್ಟಿಗೆ ಅಡ್ಡವಾಗಿ. ಬೆಲ್ಟು ಪುಲ್ಲಿಯನ್ನು ಪಕ್ಕಕ್ಕೆ ಎಳೆಯುತ್ತದಲ್ಲ, ಹಾಗೆ. ಇನ್ನೊಂದು, ಶಾಫ್ಟಿನ ಉದ್ದಕ್ಕೇ. ಬೀಸುಕಲ್ಲನ್ನು ನೆನೆಸಿಕೊಳ್ಳಿ. ಮೇಲಿನ ಕಲ್ಲಿನ ಭಾರವೆಲ್ಲ ಕೆಳಗಿನ ಕಲ್ಲಿನ ಮೇಲೆ ಕೂತಿರುತ್ತದೆ. ನಡುವಿನ ಗೂಟ ಕಲ್ಲು ಪಕ್ಕಕ್ಕೆ ಜಾರದ ಹಾಗೆ ಹಿಡಿಯುತ್ತದೆ, ಭಾರ ಹೊರುವುದಿಲ್ಲ. ಆ ಎರಡು ಕಲ್ಲುಗಳ ನಡುವಿನ ಜಾಗದಲ್ಲಿ ಬೇರಿಂಗ್ ಇಟ್ಟರೆ ಅದೇ ಥ್ರಸ್ಟ್ ಬೇರಿಂಗ್.

ಮೋವರ್‌ನ ಮುಂದಿನ ಆಕ್ಸಲ್‌ನ ಎರಡೂ ತುದಿಯಲ್ಲಿ ನೆಟ್ಟಗೆ ನಿಂತ ಒಂದು ತೂತು ಇರುತ್ತದೆ. ಅದರೊಳಗೆ ಎಲ್ ಆಕಾರದ ಸ್ಪಿಂಡಲ್ ಕೆಳಗಿನಿಂದ ತೂರಿರುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಈ ಸ್ಪಿಂಡಲ್ ತಿರುಗುತ್ತದೆ. ಆಕ್ಸಲ್‌ನ ಕೆಳಮುಖ ಸ್ಪಿಂಡಲ್‌ನ ಭುಜದ ಮೇಲೆ ಕೂರುತ್ತದೆ. ಮುಂಭಾಗದ ತೂಕವೆಲ್ಲ ಇಳಿಯುವುದು ಅಲ್ಲಿಂದಲೇ. ನಡುವೆ ಕೆಲವು ಮಾದರಿಗಳಲ್ಲಿ ಬರೀ ವಾಷರ್ ಇರುತ್ತದೆ, ಕೆಲವದರಲ್ಲಿ ಥ್ರಸ್ಟ್ ಬೇರಿಂಗ್. ಅದು ಒಣಗಿದರೆ, ಮಣ್ಣು ಸೇರಿದರೆ, ಸವೆದರೆ ಸ್ಟೀರಿಂಗ್ ಬಿಗಿಯಾಗುತ್ತದೆ.

ಇಲ್ಲೇ ಒಂದು ಮಜಾ ಇದೆ. ಅದೇ ತೂಕ ಸ್ಪಿಂಡಲ್‌ನ ನಿಂತ ಭಾಗದಲ್ಲಿ ಉದ್ದಕ್ಕೆ ಇಳಿಯುತ್ತದೆ. ಮಲಗಿದ ಭಾಗಕ್ಕೆ, ಅಂದರೆ ಚಕ್ರ ಕೂರುವ ಕಡೆಗೆ ಬಂದಾಗ ಅಡ್ಡ ಹೊರೆ ಆಗಿಬಿಡುತ್ತದೆ. ತೂಕ ಒಂದೇ, ಶಾಫ್ಟಿನ ದಿಕ್ಕು ಬೇರೆ. ಹಾಗಾಗಿ 'ಮೇಲಿನಿಂದ ಬೀಳುವ ಭಾರಕ್ಕೆ ಥ್ರಸ್ಟ್ ಬೇರಿಂಗ್' ಅಂತ ಬರೆದರೆ ತಪ್ಪು. ಚಕ್ರದ ಬೇರಿಂಗ್ ಮೇಲೂ ಭಾರ ಮೇಲಿನಿಂದಲೇ ತಾನೇ ಬೀಳುವುದು? ಹೆಸರಿನಲ್ಲಿ ಮೇಲೆ, ಕೆಳಗೆ ಅನ್ನೋದು ಬರಬಾರದು. ಶಾಫ್ಟಿಗೆ ಉದ್ದವೋ ಅಡ್ಡವೋ ಅನ್ನೋದಷ್ಟೇ ಬರಬೇಕು.

ಅಕ್ಷೀಯ, ತ್ರಿಜ್ಯೀಯ ಅನ್ನುವ ಪದಗಳು ಪಠ್ಯದಲ್ಲಿ ಚೆನ್ನ. ಗ್ರೀಸ್ ಮೆತ್ತಿದ ಕೈಗೆ ಅವು ಒಗ್ಗುವುದಿಲ್ಲ. 'ಉದ್ದಹೊರೆ', 'ಅಡ್ಡಹೊರೆ' ಅಂತ ಬಳಸಿ ನೋಡುತ್ತಿದ್ದೇನೆ. ಓದಿದ ಕೂಡಲೇ ಅರ್ಥ ಆಗುತ್ತದೆಯಾ, ಹೇಳಿ.

ಇನ್ನು ಥ್ರಸ್ಟ್‌ಗೇ ನೇರವಾಗಿ ಏನನ್ನಬಹುದು? 'ನೂಕು' ಒಂದು. ಹಡಗಿನ ಪ್ರೊಪೆಲ್ಲರ್ ಮಟ್ಟಿಗೆ ಅದು ಸರಿಯಾಗಿ ಕೂರುತ್ತದೆ. ಪ್ರೊಪೆಲ್ಲರ್ ನೀರನ್ನು ಹಿಂದಕ್ಕೆ ತಳ್ಳಿದಾಗ ಶಾಫ್ಟು ಮುಂದಕ್ಕೆ ನೂಕುತ್ತದೆ. ಆ ನೂಕು ತಡೆದು ಹಡಗಿನ ಮೈಗೆ ದಾಟಿಸುವುದೇ ಅಲ್ಲಿನ ಥ್ರಸ್ಟ್ ಬೇರಿಂಗ್‌ನ ಕೆಲಸ. ಆದರೆ ಮೋವರ್ ಸ್ಪಿಂಡಲ್‌ನಲ್ಲಿ ಯಾರೂ ಏನನ್ನೂ ನೂಕುತ್ತಿಲ್ಲ. ತೂಕ ಸುಮ್ನೆ ಕೂತಿದೆ. ಪೆನ್ಸಿಲ್ವೇನಿಯಾದ ಹೋಲ್ಟ್‌ವುಡ್ ಜಲವಿದ್ಯುತ್ ಕೇಂದ್ರದಲ್ಲಿ ಆಲ್ಬರ್ಟ್ ಕಿಂಗ್ಸ್‌ಬರಿ 1912ರಲ್ಲಿ ಹಾಕಿದ ಹೆಸರಾಂತ ಥ್ರಸ್ಟ್ ಬೇರಿಂಗ್ ಕೂಡ ನಿಂತ ಟರ್ಬೈನ್ ಶಾಫ್ಟಿನ ಭಾರ ಹೊರುವಂಥದ್ದೇ. ಅಲ್ಲೂ ನೂಕಿಗಿಂತ ಹೊರುವುದೇ ಮುಖ್ಯ.

'ಒತ್ತಡದ ಬೇರಿಂಗ್' ಅನ್ನೋದನ್ನೂ ನೋಡಿದ್ದೇನೆ. ನನಗೆ ಅದು ಬೇಡ. ಒತ್ತಡ ಅಂದ ಕೂಡಲೇ ಟೈರಿನ ಗಾಳಿ, ಆಯಿಲ್ ಪಂಪು ನೆನಪಾಗುತ್ತದೆ. ಹೈಡ್ರೋಸ್ಟಾಟಿಕ್, ಅಂದರೆ ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಗೇರ್‌ಬಾಕ್ಸ್ ಇರುವ ಮೋವರ್‌ಗಳಲ್ಲಂತೂ ಗೊಂದಲ ಇನ್ನೂ ಹೆಚ್ಚು. ಅಲ್ಲಿ ಪಂಪಿನ ಪಿಸ್ಟನ್‌ಗಳು ಓರೆಯಾದ ಒಂದು ತಟ್ಟೆಯ ಮೇಲೆ ಒತ್ತುತ್ತವೆ. ಅಲ್ಲೂ ಥ್ರಸ್ಟ್ ಬೇರಿಂಗ್ ಇರುತ್ತದೆ, ಪಕ್ಕದಲ್ಲೇ ಎಣ್ಣೆಯ ಒತ್ತಡವೂ ಇರುತ್ತದೆ. 'ಒತ್ತುಬೇರಿಂಗ್' ಪರವಾಗಿಲ್ಲ ಅನಿಸುತ್ತದೆ. ಒತ್ತು ಅನ್ನೋದಕ್ಕೆ ಆಸರೆ ಅನ್ನುವ ಅರ್ಥವೂ ಇದೆ. ಒತ್ತು ಕೊಡುವುದು ಅಂತೀವಲ್ಲ. ಒತ್ತಿಸಿಕೊಂಡು ಆಸರೆ ಆಗುವ ಸಾಮಾನಿಗೆ ಈ ಎರಡೂ ಅರ್ಥ ಹೊಂದುತ್ತವೆ.

ಈಗ ನಿಜವಾದ ತಲೆನೋವು, ವಾಷರ್. ಅದಕ್ಕೆ ಬಿಲ್ಲೆ ಅನ್ನಬಹುದು, ತೂತಿರುವ ಬಿಲ್ಲೆ. ಆದರೆ ಯಾವ ಬಿಲ್ಲೆ?

ಮೊದಲನೆಯದು ಬೋಲ್ಟಿನ ತಲೆ ಕೆಳಗೆ ಹಾಕುವ ಸಾದಾ ವಾಷರ್. ಇದು ಮೆದು ಉಕ್ಕು. ಐಎಸ್‌ಒ 7089 ಅನ್ನುವ ಅಂತರರಾಷ್ಟ್ರೀಯ ಮಾನಕದ ಪ್ರಕಾರದ ಮಾಮೂಲಿ ದರ್ಜೆಯ ವಾಷರ್‌ನ ಗಡಸುತನ 200 ವಿಕರ್ಸ್. ವಿಕರ್ಸ್, ರಾಕ್‌ವೆಲ್ ಎರಡೂ ಗಡಸುತನದ ಅಳತೆಗಳು.

ಎರಡನೆಯದು ತಾನೇ ಬೇರಿಂಗ್ ಆಗಿ ಕೆಲಸ ಮಾಡುವ ಥ್ರಸ್ಟ್ ವಾಷರ್. ಗುಂಡಿಲ್ಲ, ಉರುಳೆ ಇಲ್ಲ. ಕಂಚು, ನೈಲಾನ್ ಅಥವಾ ಉಕ್ಕಿನ ನಯವಾದ ಬಿಲ್ಲೆ. ಎದುರಿನ ಮುಖ ಇದರ ಮೇಲೆ ಜಾರುತ್ತದೆ. ಸವೆಯುವುದೇ ಇದರ ಹಣೆಬರಹ, ದುಬಾರಿ ಭಾಗ ಉಳಿಯಲಿ ಅಂತ.

ಮೂರನೆಯದಕ್ಕೂ ಥ್ರಸ್ಟ್ ವಾಷರ್ ಅಂತಲೇ ಹೆಸರು, ಅದೇ ಕಷ್ಟ. ಸೂಜಿ ಉರುಳೆಗಳ ತೆಳ್ಳನೆ ಪಂಜರವೊಂದು ಇರುತ್ತದಲ್ಲ, ಅದರ ಮೇಲೊಂದು ಕೆಳಗೊಂದು ಬಿಲ್ಲೆ. ಉರುಳೆಗಳು ಇವುಗಳ ಮೇಲೆ ಓಡುತ್ತವೆ. ಇದು ಜಾರುವ ಬಿಲ್ಲೆ ಅಲ್ಲ, ಓಡುವ ದಾರಿ. ಇದರ ಮೇಲ್ಮೈ ಸುಮಾರು 58 ರಾಕ್‌ವೆಲ್ ಸಿ ಗಡಸು ಇರಬೇಕು. ವಿಕರ್ಸ್ ಲೆಕ್ಕದಲ್ಲಿ ಅದು 650ರ ಆಸುಪಾಸು. ಇದರ ಜಾಗಕ್ಕೆ ಡಬ್ಬಿಯಲ್ಲಿ ಸಿಕ್ಕ ಸಾದಾ ವಾಷರ್ ಹಾಕಿದರೆ ಅಳತೆ ಸರಿಯಾಗಿಯೇ ಕೂರುತ್ತದೆ. ಆಮೇಲೆ ಉರುಳೆಗಳು ಅದರಲ್ಲಿ ಗೆರೆ ಕೊರೆಯುತ್ತವೆ. ಮೋವರ್ ಸ್ಪಿಂಡಲ್ ಪೂರ್ತಿ ಸುತ್ತು ತಿರುಗುವುದೂ ಇಲ್ಲ, ಅತ್ತಿತ್ತ ಸ್ವಲ್ಪ ಹೊರಳುತ್ತದೆ ಅಷ್ಟೇ. ಪೆಟ್ಟು ಮತ್ತೆ ಮತ್ತೆ ಅದದೇ ಜಾಗಕ್ಕೆ ಬೀಳುತ್ತದೆ. ಕುಳಿ ಬಿದ್ದ ಮೇಲೆ ಸ್ಟೀರಿಂಗ್ ಕಟಕಟ ಅಂತ ಹೆಜ್ಜೆ ಹಾಕಿದ ಹಾಗೆ ತಿರುಗುತ್ತದೆ. ಈ ಕುಳಿ ಬೀಳುವುದಕ್ಕೆ ಬ್ರಿನೆಲಿಂಗ್ ಅನ್ನುತ್ತಾರೆ. ಉಕ್ಕಿಗೆ ಗುಂಡು ಒತ್ತಿ, ಬಿದ್ದ ಗುಳಿ ಅಳೆದು ಗಡಸುತನ ಹೇಳುವ ಪರೀಕ್ಷೆ ತಂದ ಸ್ವೀಡನ್ನಿನ ಬ್ರಿನೆಲ್ ಹೆಸರು ಅದು.

ಅಂದರೆ ಈ ಎರಡನೆಯ ಮತ್ತು ಮೂರನೆಯ ಬಿಲ್ಲೆಗಳಿಗೆ ಬೇರೆ ಬೇರೆ ಹೆಸರು ಬೇಕೇ ಬೇಕು. 'ಜಾರುಬಿಲ್ಲೆ', 'ಓಡುಬಿಲ್ಲೆ' ಅಂದರೆ ಹೇಗೆ? ಜಾರುಬಿಲ್ಲೆ ನನಗೆ ಇಷ್ಟ ಆಯಿತು. ಓಡುಬಿಲ್ಲೆಯಲ್ಲಿ ಬಿಲ್ಲೆಯೇ ಓಡುವ ಹಾಗೆ ಕೇಳುತ್ತದೆ. 'ಹಾದಿಬಿಲ್ಲೆ' ಇನ್ನೊಂದು ಯೋಚನೆ. ಉರುಳೆ ಓಡುವ ದಾರಿಗೆ ಇಂಗ್ಲಿಷಿನಲ್ಲಿ ಹೇಳುವ ರೇಸ್ ಅನ್ನೋದಕ್ಕೂ ಹಾದಿ ಆಗುತ್ತದೆ. ಅನುವಾದ ಮಾಡುವ ತಂತ್ರಾಂಶಕ್ಕೆ ಈ ಕೆಲಸ ಬಿಟ್ಟರೆ ರೇಸ್ ಜನಾಂಗ ಆಗುವ, ವಾಷರ್ ತೊಳೆಯುವ ಯಂತ್ರ ಆಗುವ ಅಪಾಯ ಇದ್ದೇ ಇದೆ. ಆಮೇಲೆ 'ಗಡಸು ಜನಾಂಗವನ್ನು ಗ್ರೀಸ್ ಮಾಡಿ' ಅಂತ ಓದಬೇಕಾಗುತ್ತದೆ.

ನಾಲ್ಕನೆಯದು ಗುಂಡಿನ ಥ್ರಸ್ಟ್ ಬೇರಿಂಗ್‌ನ ಎರಡು ಬಳೆಗಳು. ಇವಕ್ಕೂ ವಾಷರ್ ಅಂತಲೇ ಹೆಸರು. ನೋಡಲು ಅವಳಿ, ಆದರೆ ಅಲ್ಲ. 51104 ನಂಬರಿನದನ್ನೇ ತೆಗೆದುಕೊಳ್ಳಿ. ಒಂದರ ತೂತು 20 ಮಿಲಿಮೀಟರ್, ಇನ್ನೊಂದರದು 21. ಚಿಕ್ಕ ತೂತಿನದು ಶಾಫ್ಟನ್ನು ಹಿಡಿದು ಅದರ ಜೊತೆ ತಿರುಗುತ್ತದೆ. ದೊಡ್ಡ ತೂತಿನದು ಶಾಫ್ಟಿಗೆ ತಾಗದೆ ಕೂತಿರುತ್ತದೆ. ಅದಲುಬದಲು ಆದರೆ ಕೂರಬೇಕಾದ ಕಡೆ ಇರುವ ಬಳೆಗೆ ಶಾಫ್ಟು ಉಜ್ಜುತ್ತದೆ. ಇವಕ್ಕೆ 'ತಿರುಗುಬಳೆ', 'ಕೂರುಬಳೆ' ಅಂತ ಇಟ್ಟಿದ್ದೇನೆ. ಇದರ ಬಗ್ಗೆ ನನಗೆ ಅಷ್ಟೇನೂ ಅನುಮಾನ ಇಲ್ಲ.

ನಂಬರ್ ಅಂದಾಗ ನೆನಪಾಯಿತು. ಬಿಡಿಭಾಗದ ಪಟ್ಟಿಯಲ್ಲಿ ಎನ್‌ಟಿಎ-1220, ಟಿಆರ್‌ಎ-1220 ಅಂತ ಕಂಡರೆ ಹೆದರಬೇಕಿಲ್ಲ. ಅಂಕಿಗಳು ಇಂಚಿನ ಹದಿನಾರನೇ ಒಂದು ಭಾಗದ ಲೆಕ್ಕ. 12 ಅಂದರೆ ಮುಕ್ಕಾಲು ಇಂಚು ತೂತು, 20 ಅಂದರೆ ಒಂದೂಕಾಲು ಇಂಚು ಹೊರ ಅಳತೆ. ಎನ್‌ಟಿಎ ಅನ್ನೋದು ಉರುಳೆಗಳ ಪಂಜರ, ಟಿಆರ್‌ಎ ಅದರ ಹಾದಿಬಿಲ್ಲೆ. ಮುಕ್ಕಾಲು ಇಂಚು ಅಂದರೆ 19.05 ಮಿಲಿಮೀಟರ್. ಅದಕ್ಕೆ 20 ಮಿಲಿಮೀಟರಿನ ಬೇರಿಂಗ್ ಹಾಕಿದರೆ ನಡುವೆ ಕೂರದೆ ಪಕ್ಕಕ್ಕೆ ಸರಿದಾಡುತ್ತದೆ.

ಬ್ಲೇಡಿನ ಸ್ಪಿಂಡಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಬೆಲ್ಟಿನ ಅಡ್ಡಹೊರೆಯೇ ಜಾಸ್ತಿ. 6203 ಥರದ ಮಾಮೂಲಿ ಗುಂಡಿನ ಬೇರಿಂಗ್ ಅದನ್ನೂ ಹೊತ್ತು, ಇರುವ ಚೂರು ಉದ್ದಹೊರೆಯನ್ನೂ ಹೊರುತ್ತದೆ. ಆದರೆ ಎರಡು ಬೇರಿಂಗ್ ನಡುವಿನ ಕೊಳವೆಯನ್ನು ಮರೆತು ನಟ್ ಬಿಗಿದರೆ ಬೇರಿಂಗ್‌ಗಳ ಒಳಬಳೆಗಳು ಒಂದರ ಕಡೆಗೊಂದು ಎಳೆದುಕೊಂಡು ಬೇಗ ಹಾಳಾಗುತ್ತವೆ. ಸ್ಪೇಸರ್ ಅನ್ನುವ ಆ ಕೊಳವೆಗೆ 'ಅಂತರಕೊಳವೆ' ಅಂದರೆ ಸಾಕಲ್ವಾ?

ಕೊನೆಯದಾಗಿ ಎಂಡ್ ಪ್ಲೇ. ಶಾಫ್ಟು ಉದ್ದಕ್ಕೆ ಎಷ್ಟು ಸರಿದಾಡುತ್ತದೆ ಅನ್ನುವ ಅಳತೆ. ಅದನ್ನು ಕಮ್ಮಿ ಮಾಡಲು ತೆಳು ಬಿಲ್ಲೆ ಸೇರಿಸುತ್ತಾರೆ, ಅದು ಶಿಮ್. ಪ್ಲೇ ಅನ್ನೋದನ್ನು ಆಟ ಅಂದುಬಿಡಬಹುದು. 'ಸಡಿಲ' ಅಂದರೆ ದೋಷದ ಹಾಗೆ ಕೇಳುತ್ತದೆ. ಆದರೆ ಸ್ವಲ್ಪ ಸರಿದಾಟ ಇರಲೇಬೇಕು, ಇಲ್ಲದಿದ್ದರೆ ಬಿಸಿಯಾದಾಗ ಹಿಡಿದುಕೊಳ್ಳುತ್ತದೆ. 'ಉದ್ದಸರಿತ' ಅಂತ ಗೀಚಿಟ್ಟಿದ್ದೇನೆ, ಇನ್ನೂ ಒಪ್ಪಿಗೆ ಆಗಿಲ್ಲ. ವರ್ಕ್‌ಶಾಪಿನಲ್ಲಿ ದುಡಿದವರು ಯಾರಾದರೂ ಇದ್ದರೆ, ನಿಮ್ಮ ಬಾಯಲ್ಲಿ ಇದಕ್ಕೆ ಏನನ್ನುತ್ತೀರಿ ತಿಳಿಸಿ. ಹಾದಿಬಿಲ್ಲೆಗೂ ಇದಕ್ಕಿಂತ ಚೆನ್ನಾಗಿರುವುದು ಹೊಳೆದರೆ ಈಗಲೇ ಹೇಳಿ. ಚಿತ್ರಗಳಿಗೆ ಹೆಸರು ಬರೆಯುವ ಕೆಲಸ ಇನ್ನೂ ಶುರು ಮಾಡಿಲ್ಲ.